ಮಲ್ಲಪ್ಪ ಸಾವಕಾರರ ಜಾಮೀನು

೧೯೪೧ರ ಜೂನ್ ತಿಂಗಳು. ಸಾಂಗಲಿ ಮತ್ತು ಮಿರಜದ ನಡುವೆ, ವಿಶ್ರಾಮಬಾಗದ ಬಯಲಿನಲ್ಲಿದ್ದ ಒಂದು ಕಾಲೇಜಿನ ಕಚೇರಿಯಲ್ಲಿ ನಾನು ಫೀ ಕಾರಕೂನನಾಗಿದ್ದೆ. ಸಂಬಳ ತಿಂಗಳಿಗೆ ಮೂವತ್ತೈದು ರೂಪಾಯಿ. ಈಗ ಆ ಕಡೆ ಮನೆಗೆ ಮನೆ ಅಂಟಿಕೊಂಡು ನಿಂತಿವೆ. ಆಗ ನನ್ನ ಕಿಟಕಿಯಿಂದ ನೋಡಿದರೆ ಕರಿ ಹೊಲ, ಹೊಲದಾಚೆ ರೈಲು ಹಳಿ, ಅದರಾಚೆ ಬರೀ ಆಕಾಶ. ಸಾಂಗಲಿ ಒಂದು ಸಂಸ್ಥಾನ, ಮಿರಜ ಇನ್ನೊಂದು. ಕೆಲವೇ ಮೈಲಿಗಳ ಅಂತರದಲ್ಲಿ ಬೇರೆ ಬೇರೆ ರಾಜರು, ಬೇರೆ ಬೇರೆ ಕೋರ್ಟು ಕಚೇರಿ. ಪರೀಕ್ಷೆ ಮಾತ್ರ ಇಬ್ಬರ ಪ್ರಜೆಗಳಿಗೂ ಮುಂಬಯಿ ವಿಶ್ವವಿದ್ಯಾಲಯದ್ದೇ.

ಫೀ ತೆಗೆದುಕೊಂಡು ಪಾವತಿ, ಎಂದರೆ ರಸೀದಿ, ಹರಿದು ಕೊಡುವುದು ನನ್ನ ಕೆಲಸ. ಆದರೆ ಜೂನ್ ತಿಂಗಳಲ್ಲಿ ಅದಕ್ಕಿಂತ ದೊಡ್ಡ ಕೆಲಸವೆಂದರೆ ಜನರಿಗೆ ತಿಳಿಸಿ ಹೇಳುವುದು. ಹಳ್ಳಿಗಳಿಂದ ತಂದೆಯರು ಧೋತರದ ಸೆರಗಿನಲ್ಲಿ ನೋಟು ಗಂಟು ಹಾಕಿಕೊಂಡು ಬರುತ್ತಿದ್ದರು. "ಕಾಲೇಜ ಫೀ ಎಷ್ಟರಿ?" ಎಂಬುದೊಂದೇ ಅವರ ಪ್ರಶ್ನೆ. ಒಂದು ಟರ್ಮಿಗೆ ನಲವತ್ತೆಂಟು, ವರ್ಷಕ್ಕೆ ಎರಡು ಟರ್ಮು ಎಂದು ಹೇಳಿದರೆ ನಿಟ್ಟುಸಿರು ಬಿಟ್ಟು ಎಣಿಸಿ ಕೊಡುತ್ತಿದ್ದರು. ಆಮೇಲೆ ಜಿಮಖಾನಾ ಫೀ, ಲೈಬ್ರರಿ ಫೀ, ಪುಸ್ತಕ, ಖಾನಾವಳಿ, ಪರೀಕ್ಷೆ ಫೀ ಎಂದು ಒಂದೊಂದಾಗಿ ಎದುರಿಗೆ ಬಂದಾಗ ಮಗನನ್ನು ನಡುವರ್ಷದಲ್ಲಿ ಬಿಡಿಸಿಕೊಂಡು ಹೋಗುತ್ತಿದ್ದರು. ಅದನ್ನು ನೋಡಿ ನೋಡಿ ನಾನೊಂದು ರೂಢಿ ಮಾಡಿಕೊಂಡಿದ್ದೆ. ಹಳೆಯ ಫಾರ್ಮಿನ ಹಿಂಬದಿಗೆ ಇಡೀ ವರ್ಷದ ಖರ್ಚನ್ನು ಬರೆದು ಮೊದಲೇ ಕೈಗೆ ಕೊಡುತ್ತಿದ್ದೆ. ಕೆಲವರು ಅದನ್ನು ನೋಡಿ ಹಾಗೇ ಎದ್ದು ಹೋದದ್ದೂ ಉಂಟು.

ಹೋಗದೆ ಉಳಿದವರಿಗೆ ದಾರಿಗಳಿದ್ದವು. ಜಾತಿಯ ಬೋರ್ಡಿಂಗುಗಳಲ್ಲಿ ಊಟ ವಸತಿ ಅಗ್ಗಕ್ಕೆ ಸಿಗುತ್ತಿತ್ತು. ಸಂಸ್ಥಾನದ ಸ್ಕಾಲರ್‌ಶಿಪ್ ಕೆಲವೇ ಕೆಲವರಿಗೆ ಬರುತ್ತಿತ್ತು. ಎಲ್ಲರ ಕಣ್ಣು ಇರುತ್ತಿದ್ದುದು ಫ್ರೀಶಿಪ್ಪಿನ ಮೇಲೆ, ಎಂದರೆ ಬೋಧನೆಯ ಫೀಯ ಮಾಫಿಯ ಮೇಲೆ. ಅದಕ್ಕೆ ಒಳ್ಳೆಯ ಮಾರ್ಕು ಬೇಕು, ಜೊತೆಗೆ ಪಾಲಕರ ವಾರ್ಷಿಕ ಉತ್ಪನ್ನ ಕಡಿಮೆ ಇದೆ ಎಂಬ ಮಾಮಲೇದಾರರ ದಾಖಲೆ ಬೇಕು. ಅರ್ಜಿಗಳನ್ನು ಮೊದಲು ನೋಡುವವನು ನಾನು. ನಿಯಮಕ್ಕೆ ಕೂಡದ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ 'ಅಪಾತ್ರ' ಎಂದು ಬರೆದು ಬೇರೆ ಇಡುವುದು. ಮೂವತ್ತೈದು ರೂಪಾಯಿಯ ಕಾರಕೂನನಿಗೆ ಆ ಕೆಂಪು ಶಾಯಿ ಸಣ್ಣ ಅಧಿಕಾರವೇನಲ್ಲ. ನನಗೂ ಅದರ ಗತ್ತು ಸ್ವಲ್ಪ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ಜೂನಿನ ಎರಡನೆಯ ವಾರದಲ್ಲಿ ಇಬ್ಬರು ಹೆಂಗಸರು ಕಚೇರಿಗೆ ಬಂದರು. ಹಿರಿಯಾಕೆ ಗೌರವ್ವ, ಮಿರಜಿನ ದೊಡ್ಡ ದವಾಖಾನೆಯಲ್ಲಿ ನರ್ಸ್. ಕಿರಿಯಾಕೆ ಆಕೆಯ ಅಕ್ಕನ ಮಗಳು ನೀಲವ್ವ. ವಯಸ್ಸು ಇಪ್ಪತ್ತೆರಡು. ಸಾದಾ ಬೂದು ಸೀರೆ, ಹಣೆಯ ಮೇಲೆ ವಿಭೂತಿ. ಕುಂಕುಮ ಇರಲಿಲ್ಲ. ಮ್ಯಾಟ್ರಿಕ್ ಪರೀಕ್ಷೆಗೆ ಮನೆಯಲ್ಲೇ ಓದಿ ಕೂತು ಒಳ್ಳೆಯ ಮಾರ್ಕು ಪಡೆದಿದ್ದಳು. ನಾನು ಎಂದಿನಂತೆ ಟರ್ಮಿನ ಫೀ ಹೇಳಲು ಬಾಯಿ ತೆರೆದೆ.

"ಟರ್ಮಿಂದು ಬ್ಯಾಡ್ರಿ," ಎಂದಳು ನೀಲವ್ವ. "ಬಿ.ಎ. ಮುಗಿಯೂತನಕ ನಾಕ ವರ್ಷಕ್ಕ ಎಲ್ಲಾ ಕೂಡಿ ಎಷ್ಟ ಆಗತೈತಿ, ಅದನ್ನ ಹೇಳ್ರಿ. ನಡುವ ನಿಂದ್ರೂದಿದ್ರ ಚಾಲೂನ ಮಾಡೂದಿಲ್ಲ."

ಆ ಕುರ್ಚಿಯಲ್ಲಿ ಕೂತು ಆರು ವರ್ಷವಾಗಿತ್ತು. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಫಾರ್ಮಿನ ಹಿಂಬದಿ ತಿರುವಿ ಇಬ್ಬರೂ ಲೆಕ್ಕಕ್ಕೆ ಕೂತೆವು. ಬೋಧನೆಯ ಫೀ ವರ್ಷಕ್ಕೆ ತೊಂಬತ್ತಾರು, ಉಳಿದ ಸಣ್ಣ ಫೀಗಳು ಹನ್ನೆರಡು. ಪುಸ್ತಕ, ವಹಿಗಳಿಗೆ ಇಪ್ಪತ್ತೈದು. ಮಿರಜಿನಿಂದ ರೈಲಿನ ಪಾಸಿಗೆ ಇಪ್ಪತ್ತು. ಸೀರೆ, ಚಪ್ಪಲಿ, ಛತ್ರಿ ಎಂದು ಹದಿನೈದು ಹಿಡಿದೆವು. ಊಟ ವಸತಿ ಮಾವಶಿಯ, ಎಂದರೆ ಚಿಕ್ಕಮ್ಮನ ಮನೆಯಲ್ಲಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೌರವ್ವ ಕೈ ಅಡ್ಡ ಮಾಡಿದಳು. ಇಂಟರ್ ಮತ್ತು ಬಿ.ಎ. ಪರೀಕ್ಷೆಗಳ ಫೀ ಎಪ್ಪತ್ತು. ಎಲ್ಲ ಕೂಡಿಸಿದಾಗ ಏಳುನೂರಾ ನಲವತ್ತೆರಡು ರೂಪಾಯಿ ಆಯಿತು. ನೀಲವ್ವ ಆ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿ, ತನ್ನ ಹತ್ತಿರ ನೂರಿಪ್ಪತ್ತು ಇದೆ, ಹೊಲಿಗೆಯಿಂದ ಕೂಡಿಸಿದ್ದು ಎಂದಳು. ಫ್ರೀಶಿಪ್ ಸಿಕ್ಕರೆ ಉಳಿದದ್ದನ್ನು ಹೇಗಾದರೂ ದುಡಿದು ಹೊಂದಿಸುವುದಾಗಿ ಹೇಳಿ ಅರ್ಜಿ ತುಂಬಿದಳು.

ಅರ್ಜಿಯಲ್ಲಿ 'ಪಾಲಕರ ಹೆಸರು' ಎಂಬಲ್ಲಿ ಬರೆದದ್ದನ್ನು ಓದಿ ನನ್ನ ಪೆನ್ನು ನಿಂತಿತು. ಮಲ್ಲಪ್ಪ ಸಾವಕಾರರು, ಆಕೆಯ ಗಂಡನ ತಂದೆ. ಸಾಂಗಲಿಯ ಅರಿಶಿನ ಪೇಟೆಯಲ್ಲಿ ಆ ಹೆಸರು ಗೊತ್ತಿಲ್ಲದವರಿರಲಿಲ್ಲ. ಅವರದು ದೊಡ್ಡ ಅಡತ ಅಂಗಡಿ. ರೈತರ ಮಾಲನ್ನು ದಲಾಲಿಯ ಮೇಲೆ ಮಾರಿಸಿಕೊಡುವ ವ್ಯಾಪಾರ.

"ಇಂಥಾ ಮನೆತನದ ಸೊಸೀಗೆ ಫ್ರೀಶಿಪ್ ಯಾಕ್ರಿ?" ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಹಾಸ್ಯವೂ ಇತ್ತು.

"ಆಸ್ತಿ ಅವರದರಿ," ಎಂದಳು ನೀಲವ್ವ. "ಕಾಲೇಜಿಗೆ ಹೋಗ್ತೇನಿ ಅಂದಿದ್ದಕ್ಕ, ಓದೂದು ಬಿಡೂತನಕ ಈ ಹೊಸ್ತಿಲ ದಾಟಬ್ಯಾಡ ಅಂತ ನಾಕ ಮಂದಿ ಮುಂದ ಹೇಳ್ಯಾರ. ಈಗ ನಾ ಮಾವಶಿ ಹಂತೇಲಿ ಇರತೇನಿ."

ಫಾರ್ಮಿನಲ್ಲಿ ಪಾಲಕರು ಏನು ಹೇಳಿದರು ಎಂದು ಬರೆಯುವ ಜಾಗ ಇರಲಿಲ್ಲ. ಅವರ ಉತ್ಪನ್ನ ಎಷ್ಟು ಎಂಬುದಕ್ಕಷ್ಟೇ ಜಾಗ. ನಿಯಮ ಹೇಳಿ, ಆಕೆಯ ಎದುರಿಗೇ ಕೆಂಪು ಶಾಯಿಯಲ್ಲಿ ಬರೆದೆ. ನೀಲವ್ವ ವಾದ ಮಾಡಲಿಲ್ಲ. ಲೆಕ್ಕ ಬರೆದ ಕಾಗದವನ್ನು ಮಾತ್ರ ಕೇಳಿ ಇಸಿದುಕೊಂಡು, ಸೆರಗಿನಲ್ಲಿ ಮಡಚಿಟ್ಟುಕೊಂಡು ಹೋದಳು.

ನಾಲ್ಕು ದಿನ ಬಿಟ್ಟು ನನ್ನ ತಾಯಿಯನ್ನು ಮಿರಜಿನ ದವಾಖಾನೆಗೆ ಕರೆದುಕೊಂಡು ಹೋಗಬೇಕಾಯಿತು. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಬೇಕಿತ್ತು. ಹುಬ್ಬಳ್ಳಿ ಗದಗ ಕಡೆಯಿಂದ ಬಂದ ರೋಗಿಗಳು ವರಾಂಡದ ತುಂಬ ಕೂತಿದ್ದರು. ನಾನು ಔಷಧದ ಸಾಲಿನಲ್ಲಿ ನಿಂತೆ, ಅವ್ವ ಪಟ್ಟಿಯ ಕೋಣೆಗೆ ಹೋದಳು. ತಿರುಗಿ ಬರುವಾಗ ಟಾಂಗಾದಲ್ಲಿ ಅವ್ವ ಮಾತು ತೆಗೆದಳು.

"ಅಲ್ಲೊಂದ ಹುಡುಗಿ ಪಟ್ಟಿ ಸುತ್ತಕೋತ ಕುಂತಿತ್ತು ನೋಡು. ಕೈ ಹಿಡಿದು ಮೆಟ್ಟಲ ಇಳಿಸಿತು. ಪಾಪ, ಕಾಲೇಜ ಕಲೀಬೇಕಂತ ಅದಕ್ಕ. ಯಾವನೋ ಕಾರಕೂನ, ನಿಮ್ಮ ಮಾವ ಶ್ರೀಮಂತ, ನಿನಗ ಆಗೂದಿಲ್ಲ ಅಂದನಂತ."

"ಆ ಕಾರಕೂನ ನಾನ ಅವ್ವ," ಎಂದೆ.

ಅವ್ವ ಮುಖ ಹೊರಗೆ ತಿರುಗಿಸಿದಳು. ಹೊಲ ನೋಡುತ್ತಲೇ ಹೇಳಿದಳು: "ನಿಮ್ಮಪ್ಪನ ಹಂತೇಲಿ ಐವತ್ತ ಎಕರೆ ಇತ್ತು. ಊರ ಮಂದಿ ಎಲ್ಲಾ ನನಗ ಗೌಡ್ತಿ ಅಂತಿದ್ರು. ತವರಮನಿಗೆ ಹೋಗಬೇಕಾದ್ರ ಗಾಡಿ ಖರ್ಚಿಗೆ ಎರಡ ಆಣೆ ನನ್ನ ಕೈಯಾಗ ಎಂದೂ ಇರಲಿಲ್ಲ. ಕೇಳಾಕ ಅಂಜಿ ಎಷ್ಟ ಸಲ ಹೋಗೂದ ಬಿಟ್ಟೇನಿ. ನಿನ್ನ ಫಾರ್ಮಿನಾಗ ನಾನೂ ಶ್ರೀಮಂತಳ ಆಗತಿದ್ನೇನು?"

ಬಾಲ್ಯದಲ್ಲಿ ಅವ್ವ ಎಷ್ಟೋ ಸಲ ಮೂಟೆ ಕಟ್ಟಿ, ಮತ್ತೆ ಬಿಚ್ಚಿ, "ಮುಂದಿನ ವಾರ ಹೋಗೂಣು" ಎಂದದ್ದು ಆಗ ನೆನಪಾಯಿತು. ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ.

ಮರುದಿನ ಹೋಗಿ ಪ್ರಿನ್ಸಿಪಾಲರನ್ನು ಕಂಡೆ. ಅವರು ಪುಣೆಯ ಕಡೆಯವರು, ಶಿಸ್ತಿನ ಮನುಷ್ಯ, ಆದರೆ ಕೇಳಿಸಿಕೊಳ್ಳುವ ತಾಳ್ಮೆ ಇದ್ದವರು. ಪೂರ್ತಿ ಕೇಳಿ ಹೇಳಿದರು: ಸೊಸೆಯ ಖರ್ಚನ್ನು ತಾವು ಕೊಡುವುದಿಲ್ಲವೆಂದು ಆ ಸಾವಕಾರರೇ ಬರೆದು ಸಹಿ ಮಾಡಿ ಕೊಟ್ಟರೆ ಕಮಿಟಿಯ ಮುಂದೆ ಇಡಬಹುದು. ಬರುವ ಶನಿವಾರ ಕಮಿಟಿ ಕೂಡುತ್ತದೆ. ಪ್ರವೇಶಕ್ಕೂ ಅದೇ ಕೊನೆಯ ದಿನ.

ಆದರೆ ಗುರುತು ಪರಿಚಯ ಇಲ್ಲದ ದೊಡ್ಡ ವ್ಯಾಪಾರಿಯ ಗಾದಿಯ ಮುಂದೆ ಹೋಗಿ 'ನಿಮ್ಮ ಸೊಸೆಗೆ ರೊಕ್ಕ ಕೊಡುವುದಿಲ್ಲವೆಂದು ಬರೆದು ಕೊಡಿ' ಎನ್ನುವುದು ಹೇಗೆ? ಹಳೆಯ ರಜಿಸ್ಟರುಗಳನ್ನು ತಿರುವುತ್ತ ಕೂತಿದ್ದಾಗ ಒಂದು ದಾರಿ ಸಿಕ್ಕಿತು. ನೀಲವ್ವನ ಗಂಡ ಶಿವಲಿಂಗ ನಮ್ಮ ಕಾಲೇಜಿನಲ್ಲೇ ಇಂಟರಿನವರೆಗೆ ಓದಿದ್ದ. ಓದುತ್ತಿರುವಾಗಲೇ ವಿಷಮಜ್ವರದಿಂದ ತೀರಿಕೊಂಡಿದ್ದ. ಹೆಂಡತಿಗೆ ಇಂಗ್ಲಿಷ್ ಕಲಿಸಿದವನೂ ಅವನೇ ಎಂದು ಗೌರವ್ವ ಹೇಳಿದ್ದಳು. ಅವನ ಹೆಸರಿನಲ್ಲಿ ಹತ್ತು ರೂಪಾಯಿ ಕಾಶನ್ ಮನಿ ಹಾಗೇ ಉಳಿದಿತ್ತು. ಪುಸ್ತಕ, ಸಾಮಾನು ಹಾಳಾದರೆ ಮುರಿದುಕೊಳ್ಳಲೆಂದು ಮುಂಗಡ ಇಡುವ, ಕಾಲೇಜು ಬಿಟ್ಟಾಗ ತಿರುಗಿ ಕೊಡುವ ಹಣ ಅದು. ತೆಗೆದುಕೊಳ್ಳಲು ಯಾರೂ ಬಂದಿರಲಿಲ್ಲ. ಆ ಹತ್ತು ರೂಪಾಯಿಯನ್ನೂ ಪಾವತಿ ಪುಸ್ತಕವನ್ನೂ ತೆಗೆದುಕೊಂಡು ನಾನು ಸಾಂಗಲಿಯ ಪೇಟೆಗೆ ಹೋದೆ.

ಆ ಪೇಟೆಯ ವಾಸನೆ ಇವತ್ತೂ ನನ್ನ ಮೂಗಿನಲ್ಲಿದೆ. ಅರಿಶಿನದ ಚೀಲಗಳು ಸಾಲು ಸಾಲಾಗಿ ನಿಂತಿರುತ್ತಿದ್ದವು. ಹಮಾಲರ ಕೈಕಾಲು, ಹುಬ್ಬು, ಅಂಗಿ ಎಲ್ಲವೂ ಹಳದಿ. ಮಲ್ಲಪ್ಪ ಸಾವಕಾರರು ಬಿಳಿ ಗಾದಿಯ ಮೇಲೆ ಕೂತು ಗಿರಾಕಿಯೊಡನೆ ಮರಾಠಿಯಲ್ಲಿ ಮಾತಾಡುತ್ತಿದ್ದರು. ವಯಸ್ಸು ಅರವತ್ತರ ಸಮೀಪ. ಕೆಂಪು ರುಮಾಲು, ತೂಕದ ಮಾತು. ನನ್ನನ್ನು ಕಂಡು ಕನ್ನಡಕ್ಕೆ ತಿರುಗಿದರು.

"ಬರ್ರಿ, ಕುಂದ್ರಿ. ಯಾವ ಕಡೆಯವರು?"

ಕಾಲೇಜಿನಿಂದ ಬಂದೆನೆಂದು ಹೇಳಿದೊಡನೆ ಅವರ ಮುಖ ಬಿಗಿಯಿತು. ನಾನು ಹತ್ತು ರೂಪಾಯಿಯ ನೋಟು ಮುಂದಿಟ್ಟೆ. ಜೊತೆಗೆ ತಂದಿದ್ದ ಶಿವಲಿಂಗನ ಪ್ರವೇಶದ ಫಾರ್ಮನ್ನೂ ಇಟ್ಟೆ. ಫಾರ್ಮಿನ ಕೆಳಗೆ ಮಗನ ಸಹಿ ಇಂಗ್ಲಿಷಿನಲ್ಲಿ, ಅದರ ಪಕ್ಕಕ್ಕೆ ತಂದೆಯ ಸಹಿ ಮೋಡಿ ಲಿಪಿಯಲ್ಲಿ. ಆಗಿನ ವ್ಯಾಪಾರಿಗಳು ಬರೆಯುತ್ತಿದ್ದುದು ಅದೇ ಲಿಪಿ. ಸಾವಕಾರರು ನೋಟನ್ನು ಮುಟ್ಟಲಿಲ್ಲ. ಫಾರ್ಮನ್ನು ಎತ್ತಿಕೊಂಡರು. ಗಿರಾಕಿ ಕಾದು ಕಾದು ಎದ್ದು ಹೋದ. ಅವರು ನೋಡುತ್ತಲೇ ಇದ್ದರು.

"ಎಸ್ ಅಕ್ಷರ ಹಿಂಗ ಉದ್ದ ಎಳೀತಿದ್ದ," ಎಂದರು ಕಡೆಗೆ. "ಇಟ್ಟಕೊಳ್ಳಲೇನ್ರಿ ಇದನ್ನ?"

ಅದು ಕಚೇರಿಯ ಕಾಗದ, ಕೊಡುವಂತಿರಲಿಲ್ಲ. ಹಾಗೆಂದು ಹೇಳಿದೆ. ತಲೆಯಾಡಿಸಿ ತಿರುಗಿ ಕೊಟ್ಟರು. ಆಗ ನಾನು ಬಂದ ನಿಜವಾದ ಕೆಲಸ ಹೇಳಿದೆ.

"ನನ್ನ ಸೊಸಿ ಬಡವಿ ಅಂತ ನಾ ಬರದ ಕೊಡ್ಲೇನು?" ಅವರ ದನಿ ಏರಲಿಲ್ಲ, ಇಳಿಯಿತು. "ನಾಳೆ ಈ ಪ್ಯಾಟ್ಯಾಗ ನನ್ನ ಹುಂಡಿ ಯಾರ ಮುಟ್ಟತಾರ್ರಿ?" ಹುಂಡಿ ಎಂದರೆ ವ್ಯಾಪಾರಿಗಳು ರೊಕ್ಕದ ಬದಲು ಬರೆದು ಕೊಡುವ ಚೀಟಿ, ಬರೆದವನ ಹೆಸರಿನ ಮೇಲೆಯೇ ನಡೆಯುವಂಥದ್ದು.

"ಹಂಗಾದ್ರ ನೀವ ಫೀ ಕೊಡ್ರಿ."

"ಕೊಡೂದಿಲ್ಲ ಅಂತ ನಾಕ ಮಂದಿ ಮುಂದ ಹೇಳೇನಿ. ಆ ಕಾಲೇಜಿಗೆ ಒಬ್ಬಾವನ್ನ ಕಳಿಸಿ ಕಳಕೊಂಡೇನಿ ನಾನು. ಅಲ್ಲೇ ಹೋಗಿ ಆಕೀನೂ ಕುಂದರಬೇಕೇನು? ಅಂವ ಕುಂತ ಬಾಕಿನ ಮ್ಯಾಲೆ?" ಲೆಕ್ಕದ ವಹಿ ಎಳೆದುಕೊಂಡು, "ನೀವು ಹೋಗ್ರಿ ಕಾರಕೂನರ," ಎಂದರು.

ಹತ್ತು ರೂಪಾಯಿಗೆ ಸಹಿಯನ್ನೂ ಹಾಕಲಿಲ್ಲ. ನೋಟು ಕಿಸೆಗೆ ಹಾಕಿಕೊಂಡು ಎದ್ದು ಬಂದೆ. ಕ್ರೂರ ಮನುಷ್ಯನೆಂದುಕೊಂಡು ಹೋಗಿದ್ದೆ, ಹಾಗೆಂದುಕೊಂಡು ಬರಲಾಗಲಿಲ್ಲ. ಅದರಿಂದ ಕೆಲಸ ಮತ್ತಷ್ಟು ಕಠಿಣವಾದಂತೆ ಅನಿಸಿತು. ಅವರು ರೊಕ್ಕ ಕೊಟ್ಟರೆ ಆಡಿದ ಮಾತು ಹೋಗುತ್ತದೆ, ಸಹಿ ಕೊಟ್ಟರೆ ಮನೆತನದ ಹೆಸರು ಹೋಗುತ್ತದೆ.

ಆ ದಿನ ಬುಧವಾರ. ಗುರುವಾರ ಪ್ರಿನ್ಸಿಪಾಲರ ಮುಂದೆ ಮತ್ತೆ ನಿಂತೆ. ಫ್ರೀಶಿಪ್ ಆಗದಿದ್ದರೆ ಸಾಲ ಆಗುತ್ತದೆಯೇ ಎಂದು ಕೇಳಿದೆ. ಕಾಲೇಜಿನಲ್ಲಿ ವಿದ್ಯಾರ್ಥಿ ಸಹಾಯ ನಿಧಿ ಎಂದು ಒಂದಿತ್ತು. ಹಳೆಯ ವಿದ್ಯಾರ್ಥಿಗಳು ಕೊಟ್ಟ ಹಣ. ಅದರಿಂದ ವರ್ಷ ವರ್ಷದ ಫೀಯನ್ನು ಸಾಲವಾಗಿ ಕೊಡುತ್ತಿದ್ದರು. ಬಡ್ಡಿ ಇಲ್ಲ. ಪದವಿ ಮುಗಿಸಿ ಕೆಲಸ ಹಿಡಿದ ಮೇಲೆ ಕಂತಿನಲ್ಲಿ ತೀರಿಸಬೇಕು. ಅದಕ್ಕೆ ಪಾಲಕರ ಉತ್ಪನ್ನದ ದಾಖಲೆ ಬೇಕಾಗಿರಲಿಲ್ಲ, ಇಬ್ಬರು ಜಾಮೀನುದಾರರು ಬೇಕಾಗಿತ್ತು. ಒಬ್ಬರು ಸಂಬಳದವರಾದರೆ ನಡೆಯುತ್ತಿತ್ತು. ಇನ್ನೊಬ್ಬರಿಗೆ ಸಂಸ್ಥಾನದಲ್ಲಿ ಸ್ಥಿರಾಸ್ತಿ ಇರಬೇಕು. ಕಾಲೇಜಿನ ನೌಕರರು ಜಾಮೀನು ನಿಲ್ಲುವಂತಿರಲಿಲ್ಲ, ಇಲ್ಲದಿದ್ದರೆ ನನ್ನ ಹೆಸರನ್ನೇ ಕೊಡುತ್ತಿದ್ದೆ.

ಸಂಜೆ ಮಿರಜಿಗೆ ಹೋಗಿ ಗೌರವ್ವನ ಮನೆಯಲ್ಲಿ ಕೂತು ಇದನ್ನೆಲ್ಲ ವಿವರಿಸಿದೆ. ವರ್ಷಕ್ಕೆ ನೂರಾ ಎಂಟರಂತೆ ನಾಲ್ಕು ವರ್ಷಕ್ಕೆ ನಾನೂರಾ ಮೂವತ್ತೆರಡು ರೂಪಾಯಿ ಸಾಲ. ಉಳಿದ ಮುನ್ನೂರಾ ಹತ್ತರಲ್ಲಿ ನೂರಿಪ್ಪತ್ತು ಕೈಯಲ್ಲಿದೆ. ಇನ್ನು ನೂರಾ ತೊಂಬತ್ತನ್ನು, ತಿಂಗಳಿಗೆ ಐದು ರೂಪಾಯಿಯ ಟ್ಯೂಷನ್ ಹೇಳಿದರೆ ದುಡಿಯಬಹುದು. ನೀಲವ್ವ ಮಡಚಿಟ್ಟಿದ್ದ ಕಾಗದ ತೆಗೆದು ನಾನು ಹೇಳಿದ ಅಂಕಿಗಳನ್ನು ಅದರ ಕೆಳಗೆ ಬರೆದುಕೊಂಡಳು. ಮೊದಲನೆಯ ಜಾಮೀನು ಗೌರವ್ವನದು. ಎರಡನೆಯದು ಯಾರದು ಎಂಬಲ್ಲಿಗೆ ಲೆಕ್ಕ ನಿಂತಿತು. ಪರಿಚಯದ ಆಸ್ತಿವಂತರೆಲ್ಲ ಮಲ್ಲಪ್ಪನವರ ನೆಂಟರು, ಇಲ್ಲವೆ ವ್ಯಾಪಾರದ ಗೆಣೆಯರು. ಅವರನ್ನು ಎದುರು ಹಾಕಿಕೊಂಡು ಯಾರು ಬರುತ್ತಾರೆ?

"ನಾನ ಹೋಗಿ ಕೇಳತೇನಿ," ಎಂದಳು ನೀಲವ್ವ.

"ಯಾರನ್ನ?" ಎಂದಳು ಗೌರವ್ವ.

"ಮಾವಾರನ್ನ. ಮನಿ ಹೊಸ್ತಿಲ ದಾಟಬ್ಯಾಡ ಅಂದಾರ, ಅಂಗಡಿ ಹೊಸ್ತಿಲ ಅಂದಿಲ್ಲ."

ಶುಕ್ರವಾರ ಆಕೆ ಅಂಗಡಿಗೆ ಹೋದಳು. ಆ ಮನೆಯ ಹೆಂಗಸರು ಯಾರೂ ಪೇಟೆಯಲ್ಲಿ ಕಾಲಿಟ್ಟವರಲ್ಲ. ಅಲ್ಲಿ ನಡೆದದ್ದನ್ನು ಎಷ್ಟೋ ದಿನಗಳ ಮೇಲೆ ಆಕೆಯೇ ನನಗೆ ಹೇಳಿದಳು. ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ನಿಂತರಂತೆ. ಈಕೆ ಗಾದಿಯ ಅಂಚಿಗೆ ನಿಂತು, "ಮಾವಾರ, ರೊಕ್ಕ ಕೇಳಾಕ ಬಂದಿಲ್ರಿ. ಸಾಲ ತಗೋತೇನಿ, ದುಡಿದು ಮುಟ್ಟಿಸತೇನಿ. ಆ ಮಾತಿಗೆ ನೀವು ಜಾಮೀನ ನಿಂದರ್ರಿ. ಮೂರು ವರ್ಷ ನಿಮ್ಮ ಮನ್ಯಾಗ ಇದ್ದೇನಿ. ನಾ ಆಡಿದ ಮಾತು ತಪ್ಪಿದ್ದು ನೋಡೀರಿ ಏನು?" ಎಂದಳಂತೆ. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಟಾಂಗಾ ತರಿಸಿ ಸ್ಟೇಷನ್ನಿಗೆ ಕಳಿಸಿಕೊಟ್ಟರಂತೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಕಮಿಟಿ. ನೀಲವ್ವ, ಗೌರವ್ವ ಹನ್ನೊಂದಕ್ಕೇ ಬಂದು ವರಾಂಡದ ಬಾಕಿನ ಮೇಲೆ ಕೂತಿದ್ದರು. ಜಾಮೀನು ಪತ್ರದಲ್ಲಿ ಒಂದು ಸಹಿ ಆಗಿತ್ತು, ಇನ್ನೊಂದು ಜಾಗ ಖಾಲಿ. ಒಂದು ಗಂಟೆಯಾಯಿತು. ಎರಡಾಯಿತು. ನಾನು ಪಾವತಿ ಹರಿಯುತ್ತಲೇ ಕಿಟಕಿಯತ್ತ ನೋಡುತ್ತಿದ್ದೆ. ಎರಡೂವರೆಗೆ ಗೌರವ್ವ ಎದ್ದು ಸೀರೆ ಸರಿ ಮಾಡಿಕೊಂಡು "ನಡಿ ತಂಗಿ" ಎಂದಳು. ನೀಲವ್ವ ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಟಾಂಗಾ ನಿಂತಿತು. ಮಲ್ಲಪ್ಪ ಸಾವಕಾರರು ಇಳಿದರು. ಸೊಸೆಯತ್ತ ನೋಡದೆ ಆಕೆಯ ಮುಂದೆಯೇ ಹಾದು ಒಳಗೆ ಬಂದು ನನ್ನ ಮೇಜಿನೆದುರು ಕೂತರು.

"ಕಾಗದ ತೋರಸ್ರಿ."

ಇಂಗ್ಲಿಷಿನಲ್ಲಿದ್ದ ಕರಾರನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಂಡರು. ಹುಡುಗಿ ಓದು ಬಿಟ್ಟರೆ ಏನು, ನಾಪಾಸಾದರೆ ಏನು, ತೀರಿಕೊಂಡರೆ ಏನು, ಎಲ್ಲ ಕೇಳಿದರು. ಆಮೇಲೆ ಒಂದು ಪ್ರಶ್ನೆ: "ಜಾಮೀನುದಾರಗ ಆಕೀ ಓದು ಹೆಂಗ ನಡದೈತಿ ಅಂತ ಬಂದು ವಿಚಾರಸೂ ಹಕ್ಕ ಇರತೈತಿ ಏನ್ರಿ?"

ಪತ್ರದಲ್ಲಿ ಹಾಗೇನೂ ಬರೆದಿರಲಿಲ್ಲ. ಅವರ ಮುಖ ನೋಡಿ, "ಇರತೈತ್ರಿ," ಎಂದೆ. ನೌಕರಿಯಲ್ಲಿ ಮನಸ್ಸಾರೆ ಹೇಳಿದ ಒಂದೇ ಸುಳ್ಳು ಅದು.

"ದಾನ ಕೊಡಾಂವ ಬ್ಯಾರೆ, ಜಾಮೀನ ನಿಂದ್ರಾಂವ ಬ್ಯಾರೆ," ಎಂದರು ಪೆನ್ನು ಎತ್ತಿಕೊಳ್ಳುತ್ತ. "ಮನಿಶ್ಯಾನ ಮ್ಯಾಲೆ ಭರೋಸಾ ಇಟ್ಟು ಸಹಿ ಮಾಡೂದು ನನ್ನ ಧಂದೇನ ಐತಿ. ಇದನ್ನ ಯಾರೂ ಆಡಿಕೊಳ್ಳೂ ಹಂಗಿಲ್ಲ." ಮೋಡಿಯಲ್ಲಿ ನಿಧಾನವಾಗಿ ಸಹಿ ಹಾಕಿದರು. ಆಮೇಲೆ ತಾವಾಗಿಯೇ ಆ ಹತ್ತು ರೂಪಾಯಿಯ ಪಾವತಿಯನ್ನೂ ಕೇಳಿ ಸಹಿ ಮಾಡಿದರು. ನೋಟನ್ನು ನನ್ನ ಕಡೆಗೇ ಸರಿಸಿ, "ಅಂವನ ಹೆಸರಿಲೆ ನಿಮ್ಮ ನಿಧಿಗೆ ಜಮಾ ಮಾಡ್ರಿ," ಎಂದು ಎದ್ದರು. ವರಾಂಡದಲ್ಲಿ ನೀಲವ್ವ ಬಗ್ಗಿ ಕಾಲಿಗೆ ಕೈ ಮುಟ್ಟಿಸಿದಳು. ಅವರು ಒಂದು ಕ್ಷಣ ನಿಂತರು, ಆಮೇಲೆ ಹೋದರು. ಮೂರು ಗಂಟೆಗೆ ಕಮಿಟಿ ಸಾಲವನ್ನು ಮಂಜೂರು ಮಾಡಿತು.

ಮುಂದಿನ ನಾಲ್ಕು ವರ್ಷ ಪ್ರತಿ ಟರ್ಮಿನ ಕಡೆಗೆ ಆ ಟಾಂಗಾ ನಮ್ಮ ಗೇಟಿಗೆ ಬರುತ್ತಿತ್ತು. ಸಾವಕಾರರು ನನ್ನೆದುರು ಕೂತು ಗಂಭೀರವಾಗಿ, "ನಮ್ಮ ಜಾಮೀನ ಹೆಂಗೈತ್ರಿ?" ಎಂದು ಕೇಳುತ್ತಿದ್ದರು. ನಾನು ಮಾರ್ಕುಗಳನ್ನು ಓದಿ ಹೇಳಬೇಕು. ಒಮ್ಮೆ ಲಾಜಿಕ್ಕಿನಲ್ಲಿ ಕಡಿಮೆ ಬಂದಿತ್ತು. "ಲಾಜಿಕ್ ಅಂದ್ರ ಏನು? ಅದಕ್ಕ ಬ್ಯಾರೆ ಮಾಸ್ತರ್ನ ಹಚ್ಚಬೇಕೇನು?" ಎಂದು ಚಿಂತೆ ಮಾಡಿದರು. ನಲವತ್ತೆರಡರಲ್ಲಿ ಚಳವಳಿಯ ಗದ್ದಲಕ್ಕೆ ತರಗತಿಗಳು ನಿಂತಾಗ, ಟರ್ಮು ಹಾಳಾದರೆ ಫೀ ತಿರುಗಿ ಕೊಡುತ್ತೀರೋ ಎಂದು ನನ್ನೊಡನೆ ಜಗಳಕ್ಕೇ ಬಂದಿದ್ದರು. ಹಾಜರಿ ಕಡಿಮೆಯಿದ್ದರೆ, "ಮೈಯಾಗ ಆರಾಮ ಇರಲಿಲ್ಲೇನು?" ಎಂದು ದನಿ ತಗ್ಗಿಸಿ ಕೇಳುತ್ತಿದ್ದರು. ಸೊಸೆಯನ್ನು ಮಾತ್ರ ಭೆಟ್ಟಿಯಾಗುತ್ತಿರಲಿಲ್ಲ. ನಾಲ್ಕು ಮಂದಿಯ ಮುಂದೆ ಆಡಿದ ಮಾತು ಇನ್ನೂ ಅಡ್ಡ ನಿಂತಿತ್ತು.

ನೀಲವ್ವನಿಗೆ ಇದು ತಿಳಿಯದೆ ಇರಲಿಲ್ಲ. ಎರಡನೆಯ ವರ್ಷದಿಂದ ಆಕೆ ಪ್ರತಿ ಪರೀಕ್ಷೆಯ ಮೇಲೆ ತನ್ನ ಮಾರ್ಕುಗಳನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಒಂದು ಚೀಟಿಯಲ್ಲಿ ಬರೆದು ನನ್ನ ಮೇಜಿನ ಖಾನೆಯಲ್ಲಿಟ್ಟು ಹೋಗತೊಡಗಿದಳು. "ಅವರಿಗೆ ಇಂಗ್ಲಿಷ್ ಅಂಕಿ ಸಣ್ಣಾಗಿ ಕಾಣತಾವ್ರಿ," ಎಂದಿದ್ದಳು. ಸಾವಕಾರರು ಆ ಚೀಟಿಯನ್ನು ಓದಿ ಅಂಗಿಯ ಒಳಕಿಸೆಯಲ್ಲಿಡುತ್ತಿದ್ದರು. ಯಾರು ಬರೆದದ್ದೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

೧೯೪೫ರಲ್ಲಿ ನೀಲವ್ವ ಬಿ.ಎ. ಪಾಸಾದಳು. ಮಿರಜಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಆಗಸ್ಟಿನಿಂದ ತಿಂಗಳಿಗೆ ಹದಿನಾರು ರೂಪಾಯಿಯಂತೆ ಸಾಲ ತೀರಿಸಲು ಶುರುಮಾಡಿದಳು. ಒಂದು ಕಂತೂ ತಪ್ಪಲಿಲ್ಲ. ಸಾವಕಾರರ ಟಾಂಗಾವೂ ತಪ್ಪಲಿಲ್ಲ. ಈಗ ಅವರ ಪ್ರಶ್ನೆ ಕಂತಿನ ಬಗ್ಗೆ. ಇಪ್ಪತ್ತೇಳನೆಯ ಕಂತು, ಕಡೆಯದು, ೧೯೪೭ರ ಅಕ್ಟೋಬರಿನಲ್ಲಿ ಬಂತು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಸಂಸ್ಥಾನಗಳು ಇನ್ನೆಷ್ಟು ದಿನ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಆ ವಾರ ಸಾವಕಾರರು ಬಂದಾಗ ನಾನು ಸಂತೋಷದಿಂದ ಜಾಮೀನು ಪತ್ರವನ್ನು ರದ್ದು ಎಂದು ಬರೆದು ಅವರ ಕೈಯಲ್ಲಿಟ್ಟೆ. "ಸಾಲ ಪೂರಾ ಮುಟ್ಟೇತ್ರಿ. ಇನ್ನ ನಿಮ್ಮ ಮ್ಯಾಲೆ ಯಾವ ಜವಾಬ್ದಾರಿ ಇಲ್ಲ. ಇಷ್ಟ ದೂರ ಬರೂ ತ್ರಾಸ ಸೈತ ಇಲ್ಲ."

ಅವರು ಪತ್ರವನ್ನು ಹಿಡಿದುಕೊಂಡು ಕೂತೇ ಇದ್ದರು. ಆರು ವರ್ಷಗಳಲ್ಲಿ ಸಾಕಷ್ಟು ಇಳಿದು ಹೋಗಿದ್ದರು.

"ಹಂಗಾದ್ರ ಕಾರಕೂನರ," ಎಂದರು, "ಇನ್ನ ಮ್ಯಾಲೆ ನಾ ಯಾವ ನೆವ ಮಾಡಿ ಆಕೀ ಸುದ್ದಿ ಕೇಳ್ಲಿ?"

"ನೆವ ಯಾಕ್ರಿ ಸಾವಕಾರ್ರ? ಓದು ಬಿಡೂತನಕ ಅಂತ ಹೇಳಿದ್ರೆಲ್ಲ, ಓದು ಮುಗದ ಎರಡ ವರ್ಷ ಆತು," ಎಂದೆ. ಅವರು ನನ್ನನ್ನೇ ದಿಟ್ಟಿಸಿದರು. ಇದು ಇಷ್ಟು ದಿನ ತಮಗೆ ಹೊಳೆಯಲಿಲ್ಲವೆ ಅನ್ನುವಂತೆ. ಅಥವಾ ಹೊಳೆದಿದ್ದರೂ ಇನ್ನೊಬ್ಬರ ಬಾಯಿಂದ ಕೇಳಬೇಕಾಗಿತ್ತೋ ಏನೋ. ಎದ್ದು ಹೊರಗೆ ಹೋಗಿ ಟಾಂಗಾ ಏರಿದರು. ಟಾಂಗಾ ಸಾಂಗಲಿಯ ಕಡೆ ತಿರುಗಲಿಲ್ಲ, ಮಿರಜಿನ ದಾರಿ ಹಿಡಿಯಿತು.

ಶಾಲೆಯಲ್ಲಿ ಏನಾಯಿತೆಂದು ನೀಲವ್ವ ಹೇಳಿದ್ದಿಷ್ಟೇ. ತರಗತಿ ನಡೆಯುತ್ತಿದ್ದಾಗ ಶಾಲೆಯ ಜವಾನ, ಪಟ್ಟೇವಾಲಾ, ಬಂದು ಹೆಡ್‌ಮಿಸ್ಟ್ರೆಸ್ ಕರೆಯುತ್ತಾರೆ ಎಂದನಂತೆ. ಆಕೆ ಹೋಗುವ ಹೊತ್ತಿಗೆ ಮಲ್ಲಪ್ಪನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಾವು ಯಾರೆಂದು ಹೆಡ್‌ಮಿಸ್ಟ್ರೆಸ್ ಕೇಳಿದ್ದಕ್ಕೆ, "ನಾ ನೀಲವ್ವನ ಮಾವ. ಮನಿಗೆ ಕರಕೊಂಡು ಹೋಗಾಕ ಬಂದೇನಿ," ಎಂದಿದ್ದರಂತೆ.

ಮುಂದೆ ನಾನು ಹೆಡ್ ಕ್ಲಾರ್ಕ್ ಆದೆ, ನಿವೃತ್ತಿಯವರೆಗೆ ಸಾವಿರಾರು ಅರ್ಜಿ ನೋಡಿದೆ. ನೀಲವ್ವ ಕಾಲೇಜು ಸೇರಿದ ವರ್ಷವೇ ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಫ್ರೀಶಿಪ್ಪಿನ ಫಾರ್ಮಿನಲ್ಲಿ ಒಂದು ಹೊಸ ಸಾಲು ಸೇರಿಸಿದ್ದೆ: 'ವಿದ್ಯಾರ್ಥಿಯ ಖರ್ಚನ್ನು ನಿಜವಾಗಿ ಕೊಡುವವರು ಯಾರು?' ಪಾಲಕರ ಉತ್ಪನ್ನದ ಅಂಕಿಗಿಂತ ಆ ಒಂದು ಸಾಲಿನ ಉತ್ತರ ನನಗೆ ಹೆಚ್ಚು ತಿಳಿಸುತ್ತಿತ್ತು. ಖರ್ಚೆಷ್ಟು ಎಂದು ಲೆಕ್ಕ ಹಾಕುವುದನ್ನು ನಾನು ಮೊದಲ ವರ್ಷದಲ್ಲೇ ಕಲಿತಿದ್ದೆ. ಆ ಖರ್ಚಿಗೆ ದಾರಿ ಹುಡುಕುವಾಗ ತೆಗೆದುಕೊಳ್ಳುವವರ ತಲೆಯೂ ತಗ್ಗಬಾರದು, ಕೊಡುವವರ ತಲೆಯೂ ತಗ್ಗಬಾರದು ಎಂಬುದನ್ನು ಕಲಿಯಲು ಮಾತ್ರ ನನಗೆ ಒಂದು ಕೆಂಪು ಶಾಯಿಯ ತಪ್ಪು ಬೇಕಾಯಿತು. ಆ ತಪ್ಪಾದ ಅರ್ಜಿಯನ್ನು ನಾನು ಹರಿದು ಹಾಕಲಿಲ್ಲ. ಹೊಸದಾಗಿ ಬಂದ ಪ್ರತಿಯೊಬ್ಬ ಕಾರಕೂನನಿಗೂ, ಶಾಯಿಯ ದೌತಿ ಕೈಗೆ ಕೊಡುವ ಮೊದಲು ಅದನ್ನು ಓದಲು ಕೊಡುತ್ತಿದ್ದೆ.